ಗಾಜಿನ ತೊಟ್ಟಿಯಲ್ಲೊಂದು ಹವಳದ ಕಡಲು: ಅದರ ನೀರನ್ನು ಸೋಸುವ ಬಗೆ

ಉಷ್ಣವಲಯದ ಕಡಲಿನಲ್ಲಿ ಹವಳದ ದಿಬ್ಬಗಳು ಬೆಳೆಯುವೆಡೆ ನೀರು ಬಲು ತಿಳಿಯಾಗಿರುವುದು ಸಾಮಾನ್ಯ. ದೋಣಿಯಲ್ಲಿ ಕುಳಿತೇ ತಳದ ಮರಳನ್ನೂ ಅದರ ಮೇಲೆ ಓಡಾಡುವ ಮೀನಿನ ನೆರಳನ್ನೂ ಕಾಣಬಹುದು. ಅಲ್ಲಿಯ ಜೀವಿಗಳಿಗೆ ಲೆಕ್ಕವಿಲ್ಲ. ಅವೆಲ್ಲವೂ ಉಣ್ಣುತ್ತವೆ, ವಿಸರ್ಜಿಸುತ್ತವೆ, ಕೊನೆಗೆ ಸಾಯುತ್ತವೆ. ಆದರೂ ನೀರು ಕೊಳೆಯುವುದಿಲ್ಲ, ಕದಡುವುದಿಲ್ಲ. ಇದು ಹೇಗೆ ಸಾಧ್ಯವಾಯಿತು?

ಕಡಲಿಗೆ ಇರುವ ಅನುಕೂಲಗಳು ಎರಡು. ಮೊದಲನೆಯದು ಅದರ ವಿಸ್ತಾರ: ಅಲೆ ಮತ್ತು ಪ್ರವಾಹಗಳು ಕಸವನ್ನು ಹೊತ್ತು ಆಳಕ್ಕೆ ಸಾಗಿಸುತ್ತವೆ. ಎರಡನೆಯದು ಅಲ್ಲಿ ನೆಲೆಸಿರುವ ಸೋಸುಗ ಜೀವಿಗಳು. ಕಪ್ಪೆಚಿಪ್ಪಿನ ಪ್ರಾಣಿಗಳು, ನಳಿಗೆಹುಳುಗಳು, ಸ್ಪಂಜುಗಳು ಹಗಲಿರುಳೆನ್ನದೆ ನೀರನ್ನು ತಮ್ಮ ಮೈಯೊಳಗೆ ಹಾಯಿಸಿ ಅದರಲ್ಲಿರುವ ಆಹಾರವನ್ನು ಹಿಡಿದುಕೊಳ್ಳುತ್ತವೆ. ನೀರಿನಲ್ಲಿ ಕರಗಿಹೋದ ಪೌಷ್ಟಿಕಾಂಶವನ್ನು ಸಹ ಸ್ಪಂಜುಗಳು ಹೀರಿಕೊಂಡು, ತಮ್ಮ ಜೀವಕೋಶಗಳನ್ನು ಕಣಗಳಾಗಿ ಉದುರಿಸಿ, ದಿಬ್ಬದ ಇತರ ಜೀವಿಗಳಿಗೆ ಉಣಿಸನ್ನು ಒದಗಿಸುತ್ತವೆಯೆಂಬುದು ಕ್ಯುರಸಾವೊ ದ್ವೀಪದ ಬಳಿ ನಡೆದ ಪ್ರಯೋಗಗಳಿಂದ ೨೦೧೩ರಲ್ಲಿ ಬೆಳಕಿಗೆ ಬಂದಿತು. ಒಬ್ಬರ ಕಸ ಇನ್ನೊಬ್ಬರ ಊಟವೆಂಬ ನಿಯಮ ಅಲ್ಲಿ ಚಾಚೂ ತಪ್ಪದೆ ನಡೆಯುತ್ತಿದೆ.

ಈ ಕಡಲಿನ ಒಂದು ತುಣುಕನ್ನು ಮನೆಯ ಮೂಲೆಯಲ್ಲಿರಿಸಿ ನೋಡಬೇಕೆಂಬ ಆಸೆ ಮನುಷ್ಯನಿಗೆ ಹುಟ್ಟಿ ಬಹುಕಾಲವಾಯಿತು. ೧೮೫೦ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನು ಗಾಜಿನ ಪಾತ್ರೆಯಲ್ಲಿ ಮೀನು ಮತ್ತು ನೀರುಗಿಡಗಳನ್ನು ಒಟ್ಟಿಗೆ ಇರಿಸಿ, ಒಂದು ಇನ್ನೊಂದನ್ನು ಹೇಗೆ ಪೋಷಿಸುವುದೆಂದು ತೋರಿಸಿದನು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಗಾರವೊಂದು ತೆರೆಯಿತು. ಹವಳಗಳು ಮಾತ್ರ ಬಹುಕಾಲ ಗಾಜಿನ ಸೆರೆಗೆ ಒಗ್ಗಲಿಲ್ಲ. ಇಂಡೊನೇಷಿಯದ ಲೀ ಚಿನ್ ಎಂಗ್ ಎಂಬಾತನು ಕಡಲಿನಿಂದ ತಂದ ಜೀವಭರಿತ ಕಲ್ಲುಗಳನ್ನು ತೊಟ್ಟಿಯಲ್ಲಿಟ್ಟು, ಗಾಳಿಯ ಗುಳ್ಳೆಗಳನ್ನು ಹಾಯಿಸಿ, ಹವಳದ ಜೀವಿಗಳನ್ನು ಬದುಕಿಸಿಕೊಂಡ ವಿಧಾನವನ್ನು ೧೯೬೧ರಲ್ಲಿ ಪ್ರಕಟಿಸಿದನು. ಇಂದಿನ ಹವಳದ ತೊಟ್ಟಿಗಳು ಈ ದಾರಿಯನ್ನೇ ಹಿಡಿದಿವೆಯೆನ್ನಬಹುದು.

ಈ ಲೇಖನದ ವಿಷಯ ಅಂಥ ತೊಟ್ಟಿಯ ಒಂದು ಸಣ್ಣ ಅಂಗ. ಕಲ್ಲು, ಮರಳು, ಒಂದೆರಡು ಮೀನು, ಕೆಲವು ಹವಳಗಳಿಂದ ಕೂಡಿ ಆಗಲೇ ನಡೆಯುತ್ತಿರುವ ಸಣ್ಣ ತೊಟ್ಟಿಗೆ ಕಸವನ್ನು ಹಿಡಿಯುವ ಶೋಧಕವೊಂದನ್ನು ಸೇರಿಸಬೇಕೆ? ಸೇರಿಸಿದರೆ ಎಷ್ಟು ದೊಡ್ಡದನ್ನು? ಅದರಿಂದ ಒಳಿತೆಷ್ಟು, ಕೇಡೆಷ್ಟು? ಕೇಳುವುದಕ್ಕೆ ಇದು ಹವ್ಯಾಸಿಗಳ ಪ್ರಶ್ನೆ. ಉತ್ತರ ಹುಡುಕಹೊರಟರೆ ಭೌತವಿಜ್ಞಾನದ ಹಲವು ನಿಯಮಗಳು ಎದುರಾಗುತ್ತವೆ.

ಮೂರು ಬಗೆಯ ಶೋಧನೆ

ತೊಟ್ಟಿಯ ನೀರನ್ನು ಶುದ್ಧಿಗೊಳಿಸುವ ಕ್ರಮಗಳು ಮೂರು. ತೇಲುವ ಕಣಗಳನ್ನು ಜಾಳಿಗೆ, ಸ್ಪಂಜು, ಹತ್ತಿ ಇವುಗಳಿಂದ ತಡೆದು ಹಿಡಿಯುವುದು ಯಾಂತ್ರಿಕ ಶೋಧನೆ. ಕರಗಿರುವ ಬಣ್ಣ, ವಾಸನೆ ಮೊದಲಾದುವನ್ನು ಇದ್ದಲಿನಂಥ ವಸ್ತುವಿನಿಂದ ಹೀರಿಸುವುದು ರಾಸಾಯನಿಕ ಶೋಧನೆ. ಮೀನುಗಳು ಹೊರಹಾಕುವ ವಿಷಕಾರಿ ಅಮೋನಿಯವನ್ನು ಬ್ಯಾಕ್ಟೀರಿಯಗಳ ನೆರವಿನಿಂದ ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುವುದು ಜೈವಿಕ ಶೋಧನೆ. ಸಜೀವ ಶಿಲೆಯಿರುವ ತೊಟ್ಟಿಯಲ್ಲಿ ಜೈವಿಕ ಶೋಧನೆಯು ಕಲ್ಲಿನ ರಂಧ್ರಗಳಲ್ಲೇ ನಡೆಯುತ್ತದೆ. ಅದಕ್ಕೆ ಬೇರೆ ಏರ್ಪಾಡು ಬೇಡ. ಆದರೆ ಕಲ್ಲು ಕಸವನ್ನು ಹಿಡಿದು ಹೊರಗೆ ಹಾಕಲಾರದು. ಯಾಂತ್ರಿಕ ಶೋಧಕದ ಮಾತು ಬರುವುದು ಇದಕ್ಕಾಗಿಯೇ.

ಕಸವಿದ್ದರೆ ತೊಂದರೆಯೇನು? ಹವಳವು ಪ್ರಾಣಿಯಾದರೂ ಅದರ ಅಂಗಾಂಶದೊಳಗೆ ಅತಿಸೂಕ್ಷ್ಮವಾದ ಪಾಚಿಗಳು ನೆಲೆಸಿವೆ. ಅವು ಬೆಳಕಿನ ಬಲದಿಂದ ಸಕ್ಕರೆಯನ್ನು ತಯಾರಿಸಿ ಆಶ್ರಯದಾತನಿಗೂ ಪಾಲು ಕೊಡುತ್ತವೆ. ಕದಡಿದ ನೀರು ಬೆಳಕನ್ನು ಚದುರಿಸಿ ಈ ಆಹಾರಕ್ಕೆ ಕುಂದು ತರುತ್ತದೆ. ಹವಳದ ಮೇಲೆ ಕಸ ಕುಳಿತರೆ ಅದನ್ನು ತೊಲಗಿಸಲು ಅದು ಲೋಳೆಯನ್ನು ಸುರಿಸಬೇಕು. ಲೋಳೆಯೆಂದರೆ ಶಕ್ತಿಯ ವೆಚ್ಚ. ಕಲ್ಲಿನ ಸಂದುಗಳಲ್ಲಿ ಸೇರಿದ ಕಸವು ಕೊಳೆತು ಆಮ್ಲಜನಕವನ್ನು ಕಬಳಿಸುತ್ತದೆ, ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಹಬ್ಬಿದ ಕಡೆ ಹವಳಕ್ಕೆ ನೆಲೆಯಿಲ್ಲ.

ಕಣಗಳು ಬೀಳುವ ವೇಗ

ಕದಡಿದ ನೀರನ್ನು ಕೊಡದಲ್ಲಿ ಅಲುಗದಂತೆ ಇಟ್ಟರೆ ಮರಳು ಕೂಡಲೇ ತಳ ಸೇರುತ್ತದೆ. ಜೇಡಿಯ ಕೆಂಪು ಮಾತ್ರ ಮಾರನೆಯ ದಿನವೂ ಮಾಯವಾಗದು. ಹಳ್ಳಿಗಳಲ್ಲಿ ಕತಕದ ಬೀಜವನ್ನು ತೇದು ಕೊಡಕ್ಕೆ ಹಾಕುತ್ತಿದ್ದುದು ಈ ಸಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸಿ ದೊಡ್ಡದಾಗಿಸಿ ಬೀಳಿಸುವುದಕ್ಕಾಗಿ. ಗಾತ್ರಕ್ಕೂ ಬೀಳುವ ವೇಗಕ್ಕೂ ಇರುವ ಸಂಬಂಧವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ಗಣಿತಜ್ಞನು ೧೮೫೧ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ತಿಳಿಯಬಹುದು. ಸಣ್ಣ ಗುಂಡುಕಣವೊಂದು ದ್ರವದಲ್ಲಿ ಬೀಳುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತವಾಗಿರುತ್ತದೆ. ಅಂದರೆ ವ್ಯಾಸ ಹತ್ತನೆಯ ಒಂದು ಪಾಲಾದರೆ ವೇಗ ನೂರನೆಯ ಒಂದು ಪಾಲಾಗುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ನಮ್ಮ ತೊಟ್ಟಿಯ ಉದ್ದ ೬೦ ಸೆಂಟಿಮೀಟರು, ಅಗಲ ೩೦, ಎತ್ತರ ೩೬ ಎಂದಿರಲಿ. ಕಲ್ಲು ಮರಳುಗಳು ಆಕ್ರಮಿಸಿದ್ದು ಹೋಗಿ ಸುಮಾರು ೫೦ ಲೀಟರು ನೀರು ಉಳಿಯಿತೆನ್ನೋಣ. ಆಳ ೩೦ ಸೆಂಟಿಮೀಟರು. ತೇಲುವ ಕಸವು ಕಡಲನೀರಿಗಿಂತ ನೂರಕ್ಕೆ ಐದರಷ್ಟು ಮಾತ್ರ ಸಾಂದ್ರವೆಂದು ಇಟ್ಟುಕೊಳ್ಳೋಣ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. ಈಗ ಸ್ಟೋಕ್ಸನ ಸೂತ್ರದಂತೆ ೨೦೦ ಮೈಕ್ರಾನಿನ ಕಣವು ಮೇಲಿನಿಂದ ತಳಕ್ಕೆ ಬರಲು ನಾಲ್ಕೂವರೆ ನಿಮಿಷ ಸಾಕು. ೫೦ ಮೈಕ್ರಾನಿನದಕ್ಕೆ ಸುಮಾರು ೭೦ ನಿಮಿಷ ಬೇಕು. ೫ ಮೈಕ್ರಾನಿನ ಕಣಕ್ಕಾದರೋ ನೀರು ಸ್ತಬ್ಧವಾಗಿದ್ದರೂ ಸುಮಾರು ೫ ದಿನಗಳು ಬೇಕು! ಪಂಪು ಕಲಕುತ್ತಿರುವ ತೊಟ್ಟಿಯಲ್ಲಿ ಇಂಥ ಕಣವು ತಾನಾಗಿ ಕೆಳಗೆ ಕೂರುವುದೆಂದು ನಂಬುವಂತಿಲ್ಲ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ೫೦ ಮೈಕ್ರಾನಿನ ಒಂದು ಕಣವನ್ನು ೫ ಮೈಕ್ರಾನಿನ ಚೂರುಗಳಾಗಿ ಪುಡಿಮಾಡಿದರೆ ೧೦೦೦ ಚೂರುಗಳು ದೊರೆಯುತ್ತವೆ. ತೂಕ ಮೊದಲಿನಷ್ಟೇ, ಆದರೆ ಬೆಳಕಿಗೆ ಅಡ್ಡ ಬರುವ ಒಟ್ಟು ವಿಸ್ತೀರ್ಣ ಹತ್ತರಷ್ಟಾಯಿತು. ಹೀಗಾಗಿ ನೀರನ್ನು ಕಣ್ಣಿಗೆ ಮಸುಕಾಗಿಸುವ ಕಣಗಳು ಬೇರೆ, ಕೊಳೆತು ನೀರನ್ನು ಕೆಡಿಸುವ ಕಸದ ಬಹುಪಾಲು ಬೇರೆ. ಮಸುಕನ್ನು ತರುವುದು ನುಣ್ಣನೆಯ ಕಣ; ಕೊಳೆಯುವ ಹೊರೆಯು ಇರುವುದು ದಪ್ಪ ಕಣಗಳಲ್ಲಿ. ನೀರು ಹೊಳೆಯುತ್ತಿದೆಯೆಂದ ಮಾತ್ರಕ್ಕೆ ತೊಟ್ಟಿ ಚೊಕ್ಕಟವಾಗಿದೆಯೆಂದು ಭಾವಿಸುವುದು ಸರಿಯಲ್ಲ.

ಜಾಳಿಗೆಯು ತನ್ನ ಕಣ್ಣಿಗಿಂತ ಸಣ್ಣದನ್ನು ಹಿಡಿಯುವ ಬಗೆ

ಜರಡಿಯಲ್ಲಿ ಹಿಟ್ಟನ್ನು ಜಾಲಿಸುವಾಗ ಕಣ್ಣಿಗಿಂತ ದಪ್ಪವಾದದ್ದು ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ನೀರಿನ ಶೋಧಕವೂ ಹೀಗೆಯೇ ಎಂದು ಮೊದಲ ನೋಟಕ್ಕೆ ತೋರುತ್ತದೆ. ವಾಸ್ತವ ಹಾಗಿಲ್ಲ. ಎಳೆಹತ್ತಿಯ ಒಂದು ಅಂಗುಲ ದಪ್ಪದ ಪದರದಲ್ಲಿ ನೀರು ಅಂಕುಡೊಂಕಾದ ಸಾವಿರಾರು ದಾರಿಗಳಲ್ಲಿ ಹರಿಯುತ್ತದೆ. ತಿರುವಿನಲ್ಲಿ ನೀರು ತಿರುಗಿದರೂ ತುಸು ಭಾರವಾದ ಕಣ ನೇರವಾಗಿ ಹೋಗಿ ಎಳೆಗೆ ಬಡಿಯಬಹುದು. ಎಳೆಯ ಪಕ್ಕದಲ್ಲೇ ಸಾಗುವ ಕಣ ಅದಕ್ಕೆ ತಾಗಿ ಅಂಟಬಹುದು. ವೇಗ ತಗ್ಗಿದ ಮೂಲೆಗಳಲ್ಲಿ ಕಣ ತಾನಾಗಿ ಕೂರಬಹುದು. ಒಂದು ಮೈಕ್ರಾನಿಗಿಂತ ಸಣ್ಣ ಕಣಗಳಾದರೋ ನೀರಿನ ಅಣುಗಳ ತಾಡನದಿಂದ ಸದಾ ಚಡಪಡಿಸುತ್ತ ಎಲ್ಲೋ ಒಂದೆಡೆ ಎಳೆಯನ್ನು ಮುಟ್ಟುತ್ತವೆ. ಹೀಗೆ ರಂಧ್ರಕ್ಕಿಂತ ಎಷ್ಟೋ ಸಣ್ಣ ಕಣಗಳೂ ಸಿಕ್ಕಿಬೀಳುತ್ತವೆ.

ಬಟ್ಟೆಯ ಮಡಿಕೆಗೆ ಇರುವ ಶಕ್ತಿಯನ್ನು ತೋರಿಸಿದ ಒಂದು ಪ್ರಸಿದ್ಧ ಪ್ರಯೋಗವನ್ನು ಇಲ್ಲಿ ನೆನೆಯಬಹುದು. ಕಾಲರಾ ರೋಗಾಣುಗಳು ನೀರಿನಲ್ಲಿ ತೇಲುವ ಸೂಕ್ಷ್ಮಪ್ರಾಣಿಗಳ ಮೈಗೆ ಅಂಟಿಕೊಂಡಿರುತ್ತವೆ. ಹಳೆಯ ಹತ್ತಿಸೀರೆಯನ್ನು ನಾಲ್ಕರಿಂದ ಎಂಟು ಮಡಿಕೆ ಮಾಡಿದರೆ ಸುಮಾರು ೨೦ ಮೈಕ್ರಾನಿಗಿಂತ ದೊಡ್ಡದೆಲ್ಲವೂ ಅದರಲ್ಲಿ ನಿಲ್ಲುತ್ತದೆ. ರೀಟಾ ಕಾಲ್ವೆಲ್ ಮತ್ತು ಆಕೆಯ ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೆಂಗಸರಿಗೆ ಹೀಗೆ ನೀರನ್ನು ಸೋಸುವುದನ್ನು ಕಲಿಸಿದರು. ಕಾಲರಾ ನೂರಕ್ಕೆ ೪೮ರಷ್ಟು ಇಳಿಯಿತೆಂದು ೨೦೦೩ರಲ್ಲಿ ಪ್ರಕಟಿಸಿದರು. ಹೊಸ ಸೀರೆಗಿಂತ ಹಳೆಯದೇ ಲೇಸು. ಒಗೆದು ಒಗೆದು ಅದರ ನೂಲುಗಳ ಎಳೆ ಬಿಚ್ಚಿ ರಂಧ್ರಗಳು ಕಿರಿದಾಗಿರುತ್ತವೆ.

ಶೋಧಕವು ಕಸ ಹಿಡಿದಂತೆಲ್ಲ ಅದರ ದಾರಿಗಳು ಕಿರಿದಾಗಿ ಇನ್ನೂ ನುಣ್ಣನೆಯ ಕಣಗಳನ್ನು ಹಿಡಿಯುತ್ತದೆ. ಇದು ಲಾಭ. ಆದರೆ ಇದಕ್ಕೆ ಬೆಲೆಯುಂಟು. ಫ್ರಾನ್ಸಿನ ದಿಜೋನ್ ನಗರದ ನೀರಿನ ವ್ಯವಸ್ಥೆಯನ್ನು ರೂಪಿಸಿದ ಎಂಜಿನಿಯರು ಆನ್ರಿ ದಾರ್ಸಿಯು ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು ೧೮೫೬ರಲ್ಲಿ ಸಾರಿದನು: ಹರಿವು ಒತ್ತಡಕ್ಕೂ ವಿಸ್ತೀರ್ಣಕ್ಕೂ ನೇರ ಅನುಪಾತದಲ್ಲಿ, ಪದರದ ದಪ್ಪಕ್ಕೆ ವಿಲೋಮಾನುಪಾತದಲ್ಲಿ ಇರುತ್ತದೆ. ರಂಧ್ರಗಳು ಅರ್ಧಕ್ಕೆ ಇಳಿದರೆ ಹರಿವು ಅರ್ಧವಲ್ಲ, ಹೆಚ್ಚುಕಡಮೆ ಕಾಲುಭಾಗಕ್ಕೆ ಇಳಿಯುತ್ತದೆ. ಕಾಫಿ ಫಿಲ್ಟರಿಗೆ ತೀರ ನುಣ್ಣಗೆ ಅರೆದ ಪುಡಿಯನ್ನು ಹಾಕಿ ಒತ್ತಿದರೆ ಡಿಕಾಕ್ಷನ್ ಇಳಿಯಲು ಒಲ್ಲದೆಂಬುದು ಯಾವ ಗೃಹಿಣಿಗೂ ಗೊತ್ತಿರುವ ಸಂಗತಿ.

ಆದಕಾರಣ ಶೋಧಕವನ್ನು ಆರಿಸುವಾಗ ರಂಧ್ರದ ಸೂಕ್ಷ್ಮತೆಗಿಂತ ಮೊದಲು ವಿಸ್ತೀರ್ಣವನ್ನು ನೋಡಬೇಕು. ಅದೇ ಹರಿವಿಗೆ ವಿಸ್ತೀರ್ಣವನ್ನು ಎರಡು ಪಟ್ಟು ಮಾಡಿದೆವೆನ್ನಿ. ಪ್ರತಿ ಚದರ ಅಂಗುಲದಲ್ಲಿ ನೀರಿನ ವೇಗ ಅರ್ಧವಾಯಿತು. ಅದರ ಮೇಲೆ ಕೂರುವ ಕಸದ ಪದರವೂ ಅರ್ಧ ದಪ್ಪವಾಯಿತು. ಎರಡೂ ಸೇರಿ ಪಂಪಿನ ಮೇಲೆ ಬೀಳುವ ಹೊರೆ ಕಾಲುಭಾಗಕ್ಕೆ ಇಳಿಯುತ್ತದೆ. ಕಸದ ಪದರವೇ ಮುಖ್ಯ ತಡೆಯಾಗಿರುವಾಗ ಶೋಧಕ ಕಟ್ಟಿಕೊಳ್ಳಲು ಎರಡರಷ್ಟಲ್ಲ, ನಾಲ್ಕರಷ್ಟು ಕಾಲ ಹಿಡಿಯುತ್ತದೆ.

ಎಷ್ಟು ಹರಿವು ಬೇಕು?

ಅಂಗಡಿಯಲ್ಲಿ ಶೋಧಕದ ಪೆಟ್ಟಿಗೆಯ ಮೇಲೆ ಗಂಟೆಗೆ ಇಷ್ಟು ಲೀಟರೆಂದು ಬರೆದಿರುತ್ತದೆ. ೫೦ ಲೀಟರಿನ ತೊಟ್ಟಿಗೆ ಗಂಟೆಗೆ ೨೫೦ ಲೀಟರು ಹರಿಸಿದರೆ ೧೨ ನಿಮಿಷಕ್ಕೊಮ್ಮೆ ತೊಟ್ಟಿಯಷ್ಟು ನೀರು ಶೋಧಕದಲ್ಲಿ ಹಾದಂತಾಯಿತು. ಹಾಗೆಂದು ೧೨ ನಿಮಿಷದಲ್ಲಿ ಎಲ್ಲ ನೀರೂ ಸೋಸಿತೆನ್ನಲಾಗದು. ಸೋಸಿದ ನೀರು ಸೋಸದುದರೊಂದಿಗೆ ಬೆರೆಯುತ್ತಲೇ ಇರುತ್ತದೆ. ಒಂದು ಸುತ್ತಿನ ಕಾಲ ಕಳೆದಾಗ ನೂರಕ್ಕೆ ೩೭ ಪಾಲು ನೀರು ಶೋಧಕವನ್ನು ಇನ್ನೂ ಕಂಡಿರುವುದಿಲ್ಲ. ಎರಡು ಸುತ್ತಿನ ಮೇಲೆ ಸುಮಾರು ೧೪, ಮೂರರ ಮೇಲೆ ೫ ಪಾಲು ಉಳಿಯುತ್ತದೆ. ರೇಡಿಯಂ ಕ್ಷೀಣಿಸುವುದನ್ನು ವಿವರಿಸುವ ಗಣಿತವೇ ಇಲ್ಲಿಯೂ ಅನ್ವಯಿಸುತ್ತದೆ.

ಇನ್ನು ಶೋಧಕಕ್ಕೂ ಗುರುತ್ವಕ್ಕೂ ನಡೆಯುವ ಪೈಪೋಟಿಯನ್ನು ನೋಡಿರಿ. ಕಣವನ್ನು ಶೋಧಕವು ೧೨ ನಿಮಿಷದ ಗತಿಯಲ್ಲಿ ಎಳೆಯುತ್ತದೆ. ೫೦ ಮೈಕ್ರಾನಿನ ಕಣವನ್ನು ಗುರುತ್ವವು ೭೦ ನಿಮಿಷದ ಗತಿಯಲ್ಲಿ ಎಳೆಯುತ್ತದೆ. ಇಂಥ ಕಣಗಳಲ್ಲಿ ನೂರಕ್ಕೆ ೮೫ ಶೋಧಕದ ಪಾಲಾಗುತ್ತವೆ. ಆದರೆ ೨೦೦ ಮೈಕ್ರಾನಿನದನ್ನು ಗುರುತ್ವವು ನಾಲ್ಕೂವರೆ ನಿಮಿಷದ ಗತಿಯಲ್ಲಿ ಎಳೆಯುವುದರಿಂದ ನಾಲ್ಕರಲ್ಲಿ ಒಂದು ಪಾಲು ಮಾತ್ರ ಶೋಧಕಕ್ಕೆ ದಕ್ಕಿ, ಮಿಕ್ಕ ಮೂರು ಪಾಲು ಕಲ್ಲಿನ ಸಂದುಗಳನ್ನು ಸೇರುತ್ತದೆ. ಕೊಳೆಯುವ ಹೊರೆ ಇರುವುದು ಇಂಥ ದಪ್ಪ ಕಣಗಳಲ್ಲೇ ಎಂಬುದನ್ನು ಮೇಲೆ ಹೇಳಿದ್ದೇವಷ್ಟೆ.

ಈ ಲೆಕ್ಕದಿಂದ ಒಂದು ಮುಖ್ಯವಾದ ತೀರ್ಮಾನ ಹೊರಡುತ್ತದೆ. ಶೋಧಕವೆಷ್ಟೇ ಉತ್ತಮವಾಗಿರಲಿ, ತನ್ನ ಬಾಯಿಗೆ ಬಾರದ ಕಸವನ್ನು ಅದು ಹಿಡಿಯಲಾರದು. ಕಸ ಕೆಳಗೆ ಕೂರದಂತೆ ತೊಟ್ಟಿಯ ಒಳಗೆ ಸಾಕಷ್ಟು ಪ್ರವಾಹವಿರಬೇಕು. ಅದಕ್ಕೆ ಶೋಧಕದ ಪಂಪಲ್ಲದೆ ನೀರನ್ನು ತಳ್ಳುವ ಇನ್ನೊಂದು ಚಿಕ್ಕ ಪಂಪು ಬೇಕು. ಅಷ್ಟಾದರೂ ಕಲ್ಲಿನ ಹಿಂದೆ ನೀರು ನಿಂತ ಮೂಲೆಗಳು ಇದ್ದೇ ಇರುತ್ತವೆ. ವಾರಕ್ಕೊಮ್ಮೆ ರಬ್ಬರು ಬುರುಡೆಯ ಪಿಚಕಾರಿಯಿಂದ ಕಲ್ಲುಗಳ ಮೇಲೆ ಮೆಲ್ಲಗೆ ನೀರು ಊದಿ ಕಸವನ್ನು ಎಬ್ಬಿಸಿದರೆ ಮುಂದಿನ ಒಂದು ಗಂಟೆಯಲ್ಲಿ ಶೋಧಕವು ಅದರಲ್ಲಿ ಬಹುಭಾಗವನ್ನು ಹಿಡಿದುಕೊಳ್ಳುತ್ತದೆ. ಅಂದು ಹತ್ತಿಯನ್ನು ಬದಲಿಸಿಬಿಟ್ಟರೆ ಒಂದು ವಾರದ ಕೊಳೆ ತೊಟ್ಟಿಯಿಂದ ನಿಜವಾಗಿ ಹೊರಬಿದ್ದಂತೆ.

ಹಿಡಿದದ್ದು ಹೊರಗೆ ಹೋದಂತಲ್ಲ

"ನಿಜವಾಗಿ ಹೊರಬಿದ್ದಂತೆ" ಎಂಬ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಶೋಧಕದ ಹತ್ತಿಯಲ್ಲಿ ಸಿಕ್ಕ ಕಸವು ಕಣ್ಣಿಗೆ ಮರೆಯಾಯಿತೇ ಹೊರತು ನೀರಿಗೆ ದೂರವಾಗಲಿಲ್ಲ. ತೊಟ್ಟಿಯ ಎಲ್ಲ ನೀರೂ ಗಂಟೆಗೆ ಹಲವು ಸಲ ಅದೇ ಕಸದ ನಡುವೆ ಹಾದುಬರುತ್ತಿದೆ. ಮನೆಯ ಕಸವನ್ನು ಗುಡಿಸಿ ಬಾಗಿಲ ಹಿಂದೆ ಕೂಡಿಟ್ಟ ಹಾಗಾಯಿತು.

ಎರಡು ಸಣ್ಣ ಮೀನುಗಳಿಗೆ ದಿನಕ್ಕೆ ಕಾಲು ಗ್ರಾಂ ಒಣ ಆಹಾರವನ್ನು ಹಾಕುತ್ತೇವೆನ್ನೋಣ. ಅದರಲ್ಲಿ ನೂರಕ್ಕೆ ೪೫ ಪಾಲು ಪ್ರೋಟೀನು, ಪ್ರೋಟೀನಿನಲ್ಲಿ ನೂರಕ್ಕೆ ೧೬ ಪಾಲು ಸಾರಜನಕ. ಅಂದರೆ ದಿನಕ್ಕೆ ೧೮ ಮಿಲಿಗ್ರಾಂ ಸಾರಜನಕ ತೊಟ್ಟಿಗೆ ಬಿತ್ತು. ಅದೆಲ್ಲವೂ ನೈಟ್ರೇಟಾಗಿ ಪರಿಣಮಿಸಿದರೆ ೮೦ ಮಿಲಿಗ್ರಾಂ ಆಗುತ್ತದೆ. ಲೀಟರಿಗೆ ದಿನಕ್ಕೆ ೧.೬ ಮಿಲಿಗ್ರಾಂ, ತಿಂಗಳಿಗೆ ೪೮. ಹವಳ ಸಾಕುವವರು ಸಾಮಾನ್ಯವಾಗಿ ಅದನ್ನು ೧೦ರ ಒಳಗೆ ಇರಿಸಲು ಯತ್ನಿಸುತ್ತಾರೆ. ಕಲ್ಲಿನ ಒಳಗಿನ ಬ್ಯಾಕ್ಟೀರಿಯಗಳು ಒಂದಿಷ್ಟನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ, ಪಾಚಿ ಹವಳಗಳು ಒಂದಿಷ್ಟನ್ನು ಹೀರುತ್ತವೆ, ನೀರನ್ನು ಬದಲಿಸಿದಾಗ ಒಂದಿಷ್ಟು ಹೋಗುತ್ತದೆ. ಶೋಧಕದ ಪಾತ್ರವಾದರೂ ಏನು? ತಿನ್ನದೆ ಉಳಿದ ಆಹಾರವನ್ನೂ ಮಲವನ್ನೂ ಕೊಳೆಯುವ ಮುನ್ನ ಹಿಡಿದು, ನಾವು ಹೊರಗೆಸೆಯಲು ಅನುಕೂಲ ಮಾಡಿಕೊಡುವುದು. ಎರಡು ಮೂರು ದಿನಗಳಲ್ಲಿ ಎಸೆದೆವೋ, ಅಷ್ಟು ಸಾರಜನಕ ಲೆಕ್ಕದಿಂದ ಇಳಿಯಿತು. ಮೂರು ವಾರ ಬಿಟ್ಟೆವೋ, ಅದೆಲ್ಲ ಕರಗಿ ನೀರಿಗೇ ಮರಳಿತು, ಶೋಧಕವಿದ್ದೂ ಇಲ್ಲದಂತಾಯಿತು. ಕೆಲವರು ಶೋಧಕವನ್ನು ನೈಟ್ರೇಟಿನ ಕಾರ್ಖಾನೆಯೆಂದು ದೂರುವುದುಂಟು. ತಪ್ಪು ಶೋಧಕದ್ದಲ್ಲ, ಅದನ್ನು ಮರೆತವರದು.

ಮರೆವಿಗೆ ಇನ್ನೂ ಕಠಿಣವಾದ ದಂಡನೆಯೊಂದಿದೆ. ೨೫ ಡಿಗ್ರಿ ಸೆಂಟಿಗ್ರೇಡಿನ ಕಡಲನೀರು ಲೀಟರಿಗೆ ಸುಮಾರು ೬.೭ ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಸಿಹಿನೀರು ಹಿಡಿಯುವುದಕ್ಕಿಂತ ಇದು ಕಡಮೆ. ೫೦ ಲೀಟರಿನ ತೊಟ್ಟಿಯ ಪೂರ್ಣ ದಾಸ್ತಾನು ಒಂದು ಗ್ರಾಮಿನ ಮೂರನೆಯ ಒಂದು ಪಾಲು! ರಾತ್ರಿ ಬೆಳಕಿಲ್ಲದಾಗ ಪಾಚಿಯೂ ಆಮ್ಲಜನಕವನ್ನು ತಯಾರಿಸದೆ ಬಳಸತೊಡಗುತ್ತದೆ. ಆಗ ವಿದ್ಯುತ್ತು ನಿಂತುಹೋಯಿತೆನ್ನಿ. ಮುಚ್ಚಿದ ಡಬ್ಬಿಯಂಥ ಶೋಧಕದೊಳಗೆ ಕೊಳೆಯ ರಾಶಿಯಿದ್ದರೆ ಅಲ್ಲಿ ಸಿಕ್ಕಿದ ಸ್ವಲ್ಪ ನೀರಿನ ಆಮ್ಲಜನಕವನ್ನು ಬ್ಯಾಕ್ಟೀರಿಯಗಳು ಬೇಗನೆ ಮುಗಿಸುತ್ತವೆ. ಬಹಳ ಹೊತ್ತು ಹಾಗೆಯೇ ಬಿಟ್ಟರೆ ಆಮ್ಲಜನಕವಿಲ್ಲದೆ ಬದುಕುವ ಬೇರೆ ಜಾತಿಯ ಬ್ಯಾಕ್ಟೀರಿಯಗಳು ತಲೆಯೆತ್ತಿ, ಕೊಳೆತ ಮೊಟ್ಟೆಯ ನಾತವುಳ್ಳ ಗಂಧಕದ ವಿಷಾನಿಲವನ್ನು ಉಂಟುಮಾಡುತ್ತವೆ. ವಿದ್ಯುತ್ತು ಮರಳಿ ಪಂಪು ತಿರುಗಿದೊಡನೆ ಆ ನೀರೆಲ್ಲ ತೊಟ್ಟಿಗೆ ನುಗ್ಗುತ್ತದೆ. ದೊಡ್ಡ ತೊಟ್ಟಿಯಾದರೆ ಹೇಗೋ ತಾಳಿಕೊಂಡೀತು. ಸಣ್ಣ ತೊಟ್ಟಿಯ ಮೀನಿಗೂ ಹವಳಕ್ಕೂ ಅದು ಮರಣವಾಗಬಹುದು. ನಮ್ಮ ದೇಶದಲ್ಲಿ ವಿದ್ಯುತ್ತು ಹೋಗಿ ಬರುವುದು ಹೊಸದಲ್ಲವಾದ್ದರಿಂದ, ಸಣ್ಣ ತೊಟ್ಟಿಗೆ ಮುಚ್ಚಿದ ಡಬ್ಬಿಗಿಂತ ಗಾಳಿಯಾಡುವ ತೆರೆದ ಶೋಧಕವೇ ಕ್ಷೇಮ. ಹಲವು ಗಂಟೆ ನಿಂತುಹೋಗಿದ್ದ ಶೋಧಕವನ್ನು ಚಾಲೂ ಮಾಡುವ ಮೊದಲು ಬಿಚ್ಚಿ, ಒಳಗಿನ ನೀರನ್ನು ಚೆಲ್ಲಿ, ಹತ್ತಿಯನ್ನು ಬದಲಿಸತಕ್ಕದ್ದು.

ಅಳವಡಿಸುವ ಕ್ರಮ

ಇಷ್ಟು ತಿಳಿದ ಮೇಲೆ ಅಳವಡಿಸುವ ಕ್ರಮ ಸುಲಭವಾಗಿ ಹೊಳೆಯುತ್ತದೆ. ಸಣ್ಣ ತೊಟ್ಟಿಗೆ ಗೋಡೆಯಂಚಿಗೆ ತೂಗುಹಾಕುವ ಪೆಟ್ಟಿಗೆಯ ಶೋಧಕ ಅನುಕೂಲವಾದದ್ದು. ಅದು ನೀರನ್ನು ಮೇಲೆತ್ತಿ, ಸ್ಪಂಜಿನಲ್ಲಿ ಹಾಯಿಸಿ, ತೆಳ್ಳನೆಯ ತೆರೆಯಾಗಿ ಮತ್ತೆ ತೊಟ್ಟಿಗೆ ಬೀಳಿಸುತ್ತದೆ. ನೀರಿನ ಮೇಲ್ಮೈ ಕದಡುವುದರಿಂದ ಆಮ್ಲಜನಕವೂ ಬೆರೆಯುತ್ತದೆ. ಮೊದಲು ದಪ್ಪ ರಂಧ್ರದ ಸ್ಪಂಜು, ಅನಂತರ ಎಳೆಹತ್ತಿ, ಬೇಕೆಂದರೆ ಕೊನೆಯಲ್ಲಿ ಇದ್ದಲು. ಈ ಅನುಕ್ರಮ ತಲೆಕೆಳಗಾದರೆ ನುಣ್ಣನೆಯ ಪದರವು ಒಂದೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನೇ ಬಳಸಬಹುದು. ಆದರೆ ಬಣ್ಣವಾಗಲಿ, ಬೆಂಕಿ ತಡೆಯುವ ಲೇಪವಾಗಲಿ, ಸುಗಂಧವಾಗಲಿ ಅದಕ್ಕೆ ಸೇರಿರಕೂಡದು. ನೀರೆಳೆಯುವ ಕೊಳವೆಯ ಬಾಯಿಗೆ ದಪ್ಪ ಜಾಳಿಗೆಯನ್ನು ತೊಡಿಸಿದರೆ ಸಣ್ಣ ಸಿಗಡಿ ಮೀನುಗಳು ಸಿಕ್ಕಿಕೊಳ್ಳುವುದಿಲ್ಲ.

ಪೆಟ್ಟಿಗೆಯ ಶೋಧಕಕ್ಕೆ ಒಂದು ಕಪಟಗುಣವಿದೆ. ಹತ್ತಿ ಕಟ್ಟಿಕೊಂಡಾಗ ನೀರು ಅದರ ಮೇಲಿನಿಂದಲೋ ಪಕ್ಕದಿಂದಲೋ ದಾರಿ ಮಾಡಿಕೊಂಡು ಹರಿಯುತ್ತದೆ. ಹೊರಗಿನಿಂದ ನೋಡಿದರೆ ಹರಿವು ಎಂದಿನಂತೆಯೇ ಇದೆ. ಸೋಸುವ ಕಾರ್ಯ ಮಾತ್ರ ನಿಂತಿದೆ. ಕಣ್ಣನ್ನು ನಂಬದೆ ವಾರವನ್ನು ಎಣಿಸುವುದು ಮೇಲು. ಹತ್ತಿಯನ್ನು ಎರಡು ಮೂರು ದಿನಗಳಿಗೊಮ್ಮೆ ಎಸೆಯಬೇಕು. ಸ್ಪಂಜನ್ನು ವಾರಕ್ಕೆರಡು ಸಲ ತೊಳೆಯಬೇಕು. ಸಿಹಿನೀರಿನ ಮೀನುಗಳನ್ನು ಸಾಕಿದವರಿಗೆ ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಅಲುಬಬೇಕೆಂಬ ಪಾಠ ಬಾಯಿಗೆ ಬಂದಿರುತ್ತದೆ. ನಲ್ಲಿಯ ನೀರಿನ ಕ್ಲೋರಿನ್ ಉಪಯುಕ್ತ ಬ್ಯಾಕ್ಟೀರಿಯಗಳನ್ನು ಕೊಲ್ಲುವುದೆಂಬುದೇ ಅದಕ್ಕೆ ಕಾರಣ. ಇಲ್ಲಿ ಆ ಕೆಲಸವನ್ನು ಕಲ್ಲು ಮಾಡುತ್ತಿರುವುದರಿಂದ ಸ್ಪಂಜು ಬ್ಯಾಕ್ಟೀರಿಯಗಳ ನೆಲೆಯಾಗಬೇಕಿಲ್ಲ. ನಲ್ಲಿಯ ನೀರಿನಲ್ಲೇ ಚೆನ್ನಾಗಿ ಹಿಂಡಿ ತೊಳೆದು, ಪೂರ್ಣವಾಗಿ ಒಣಗಿಸಿ, ಎರಡನ್ನು ಸರದಿಯಲ್ಲಿ ಬಳಸಬಹುದು. ಸೋಪು ಮಾತ್ರ ತಾಗಕೂಡದು.

ಪಂಪು ತಿನ್ನುವ ವಿದ್ಯುತ್ತೂ ಕೊನೆಗೆ ಶಾಖವಾಗಿಯೇ ಪರಿಣಮಿಸುತ್ತದೆ. ನೀರಿನೊಳಗೆ ಮುಳುಗಿರುವ ೫ ವಾಟಿನ ಪಂಪು, ಶಾಖವು ಹೊರಗೆ ಹೋಗದಿದ್ದ ಪಕ್ಷದಲ್ಲಿ, ೫೦ ಲೀಟರು ನೀರನ್ನು ಸುಮಾರು ೧೧ ಗಂಟೆಗಳಲ್ಲಿ ಒಂದು ಡಿಗ್ರಿ ಏರಿಸಬಲ್ಲದು. ಗಾಜಿನಿಂದಲೂ ಆವಿಯಿಂದಲೂ ಶಾಖ ಹೊರಹೋಗುವುದರಿಂದ ನಿಜವಾದ ಏರಿಕೆ ಮಿತವಾಗಿರುತ್ತದೆ. ಆದರೂ ಬೇಸಗೆಯಲ್ಲಿ ಎಚ್ಚರವಿರಲಿ. ಕಡಲಿನಲ್ಲಿ ಹವಳಗಳು ತಾವು ಒಗ್ಗಿದ ಬೇಸಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಿನ ಶಾಖವನ್ನು ಹಲವು ವಾರ ಅನುಭವಿಸಿದರೂ ಪಾಚಿಗಳನ್ನು ಕಳೆದುಕೊಂಡು ಬಿಳಿಚಿಕೊಳ್ಳುವುದುಂಟು. ನಡೆಯುತ್ತಿರುವ ತೊಟ್ಟಿಗೆ ಶೋಧಕವನ್ನು ಹೊಸದಾಗಿ ಸೇರಿಸಿದಾಗ ನೀರು ಒಮ್ಮೆಗೇ ತಿಳಿಯಾಗಿ ಬೆಳಕು ಪ್ರಖರವಾಗುತ್ತದೆಂಬುದನ್ನೂ ನೆನೆಯಬೇಕು. ಮೊದಲ ಕೆಲವು ದಿನ ದೀಪದ ಅವಧಿಯನ್ನು ಸ್ವಲ್ಪ ತಗ್ಗಿಸುವುದು ವಿವೇಕ.

ಅತಿಯಾದರೆ?

ಹಾಗಾದರೆ ಒಂದು ಮೈಕ್ರಾನನ್ನೂ ಬಿಡದೆ ಹಗಲಿರುಳು ಸೋಸೋಣವೆ? ಬೇಡ. ನೀರಿನಲ್ಲಿ ತೇಲುವುದೆಲ್ಲವೂ ಕಸವಲ್ಲ. ಸಜೀವ ಶಿಲೆಯಲ್ಲಿ ಹುಟ್ಟುವ ಸೂಕ್ಷ್ಮ ಸಿಗಡಿಜಾತಿಯ ಮರಿಗಳು ೫೦ರಿಂದ ೧೦೦ ಮೈಕ್ರಾನಿನಷ್ಟಿರುತ್ತವೆ. ಹವಳಗಳಿಗೂ ನಳಿಗೆಹುಳುಗಳಿಗೂ ಅವು ಆಹಾರ. ಸ್ಪಂಜುಗಳು ಉಣ್ಣುವ ಬ್ಯಾಕ್ಟೀರಿಯಗಳು ಇನ್ನೂ ಸಣ್ಣವು. ಶೋಧಕಕ್ಕೆ ಕಸ ಮತ್ತು ಕೂಳಿನ ವ್ಯತ್ಯಾಸ ತಿಳಿಯದು. ಅದಕ್ಕೆ ತಿಳಿದಿರುವುದು ಗಾತ್ರವೊಂದೇ. ಅತಿ ನುಣ್ಣನೆಯ ಶೋಧಕವನ್ನು ಸದಾ ನಡೆಸಿದರೆ ನೀರು ಸ್ಫಟಿಕದಂತಾಗುತ್ತದೆ, ಹವಳ ಹಸಿದಿರುತ್ತದೆ. ದಿನನಿತ್ಯಕ್ಕೆ ೧೦೦ ಅಥವಾ ೨೦೦ ಮೈಕ್ರಾನಿನ ಜಾಳಿಗೆ ಸಾಕು. ನುಣ್ಣನೆಯ ಹತ್ತಿಯನ್ನು ಕಲ್ಲು ತೊಳೆದ ದಿನಕ್ಕೆ ಮೀಸಲಿಡಬಹುದು. ಹವಳಗಳಿಗೆ ಉಣಿಸುವಾಗ ಶೋಧಕವನ್ನು ಅರ್ಧ ಗಂಟೆ ನಿಲ್ಲಿಸಿ, ಪ್ರವಾಹದ ಪಂಪನ್ನು ಮಾತ್ರ ನಡೆಸಬಹುದು. ಅನಂತರ ಮತ್ತೆ ಚಾಲೂ ಮಾಡುವುದನ್ನು ಮರೆಯಬಾರದು.

ಕೊನೆಯದಾಗಿ ಒಂದು ಮಾತನ್ನು ಹೇಳಲೇಬೇಕು. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ೨೦೦೧ರಲ್ಲಿ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಉಂಟು. ಕಡಲಿನಿಂದ ಕಿತ್ತು ತರುವುದು ಅಪರಾಧ. ನಮ್ಮ ರಾಜ್ಯದ ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅವನ್ನು ನೋಡಬಯಸುವವರು ಅಲ್ಲಿಯೇ ನೀರಿಗಿಳಿದು ನೋಡಬೇಕು. ಕಾನೂನು ಅನುಮತಿಸುವ ದೇಶಗಳಲ್ಲಿ ಹವ್ಯಾಸಿಗಳು ತೊಟ್ಟಿಯಲ್ಲೇ ಬೆಳೆಸಿದ ಹವಳದ ತುಂಡುಗಳಿಂದ ಹೊಸ ತೊಟ್ಟಿಗಳನ್ನು ಹೂಡುತ್ತಾರೆ. ಹಾಗೆ ಹೂಡಿದವರಿಗಾದರೂ ತಾವು ಹೊತ್ತ ಹೊಣೆ ಎಂಥದೆಂಬುದು ಮೇಲಿನ ಲೆಕ್ಕಗಳಿಂದ ಮನದಟ್ಟಾಗುತ್ತದೆ.

ಐವತ್ತು ಲೀಟರು ನೀರಿಗೆ ನಾವು ಇಷ್ಟೆಲ್ಲ ಗಣಿಸಬೇಕಾಗುತ್ತದೆ: ಕಣ ಬೀಳುವ ವೇಗ, ಹತ್ತಿಯ ವಿಸ್ತೀರ್ಣ, ಸಾರಜನಕದ ಜಮಾಖರ್ಚು, ಗ್ರಾಮಿನ ಮೂರನೆಯ ಒಂದು ಪಾಲು ಆಮ್ಲಜನಕ. ಕಡಲು ಈ ಕೆಲಸವನ್ನು ಅಲೆ ಮತ್ತು ಸ್ಪಂಜುಗಳಿಗೆ ಒಪ್ಪಿಸಿದೆ; ತೊಟ್ಟಿಯಲ್ಲಿ ಅದು ನಮ್ಮ ಕೈಗೆ ಬಂದಿದೆ. ಯಂತ್ರವು ಕಸವನ್ನು ಒಂದೆಡೆ ಕೂಡಿಸಿ ಕೊಡಬಲ್ಲದು. ಎತ್ತಿ ಹೊರಗೆ ಹಾಕಬೇಕಾದವನು ಮನುಷ್ಯನೇ.